ಕೆಳಗಿನ ನೆಲ ಮಳೆಗೆ, ಮೇಲಿನ ನೆಲ ಕಾಲಿಗೆ: ಕಲ್ಯಾಣಪುರದ ಒಂದು ಅಂಗಳದ ಪ್ರಕರಣ

ಮೊದಲು ಜಾಗ ಹೇಳಿಬಿಡುತ್ತೇನೆ. ಉಡುಪಿಯಿಂದ ಸಂತೆಕಟ್ಟೆ ದಾಟಿ ಕಲ್ಯಾಣಪುರದ ಕಡೆ ಹೋದರೆ, ಸ್ವರ್ಣಾ ನದಿಗೆ ಹೆಚ್ಚೇನೂ ದೂರವಿಲ್ಲದ ಒಂದು ಹಂಚಿನ ಮನೆ. ಎದುರಿಗೆ ಅಂಗಳ. ಅದರಾಚೆ ಬಾವಿ, ನಾಲ್ಕು ತೆಂಗಿನಮರ. ಮನೆಯಾಕೆ ಭರತನಾಟ್ಯ ಕಲಿಸುವವರು. ಊರಿಗೆಲ್ಲ ಅವರು ಟೀಚರ್, ಹಾಗಾಗಿ ನನಗೂ ಟೀಚರ್. ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು, ಎಲ್ಲರೂ ರಾಯರು ಅನ್ನುತ್ತಾರೆ. ನಾನು ಸಿವಿಲ್ ಡಿಪ್ಲೊಮಾ ಮುಗಿಸಿ ಈ ಕಡೆ ಸಣ್ಣಪುಟ್ಟ ಮನೆ ಕೆಲಸ ಮಾಡಿಸಿಕೊಂಡಿರುವವ.

2022ರ ಅಕ್ಟೋಬರಿನಲ್ಲಿ ಟೀಚರ್ ಫೋನ್ ಮಾಡಿದರು. "ಅಂಗಳದಲ್ಲಿ ಕುಣಿಯಲಿಕ್ಕೆ ಒಂದು ನೆಲ ಆಗಬೇಕು ಮಾರಾಯ್ರೆ. ಮಳೆಗೆ ಹಾಳಾಗಬಾರದು. ಮಕ್ಕಳ ಕಾಲು ನೋಯಬಾರದು. ನೋಡ್ಲಿಕ್ಕೆ ಬಸ್‌ಸ್ಟ್ಯಾಂಡಿನ ಹಾಗೆ ಇರಬಾರದು."

ಮೂರೇ ಷರತ್ತು. ಆದರೆ ಮೊದಲನೆಯದಕ್ಕೂ ಎರಡನೆಯದಕ್ಕೂ ಜಗಳ ಉಂಟು ಅಂತ ನನಗೆ ಆಗ ಹೊಳೆದಿರಲಿಲ್ಲ. ಈ ಪ್ರಕರಣ ಬರೆಯುತ್ತಿರುವುದೇ ಆ ಜಗಳದ ಕಾರಣಕ್ಕೆ.

ಆಗಲೇ ಹೋದ ಎರಡು ನೆಲಗಳು

ಹೋಗಿ ನೋಡಿದರೆ ಅಂಗಳದಲ್ಲಿ ಆಗಲೇ ಒಂದಲ್ಲ, ಎರಡು ನೆಲ ಸತ್ತು ಬಿದ್ದಿದ್ದವು. ಕೆಳಗಿನದು ಇಂಟರ್‌ಲಾಕ್. ನಮ್ಮ ಕಡೆ ಈಗ ಯಾವ ಮನೆಗೆ ಹೋದರೂ ಅಂಗಳಕ್ಕೆ ಅದೇ. ಕೆಸರಾಗುವುದಿಲ್ಲ, ಕಾರು ನಿಲ್ಲಿಸಬಹುದು. ಕುಣಿಯಲಿಕ್ಕೆ ಮಾತ್ರ ಆಗದು. ತಟ್ಟಡವು ಅನ್ನುವ ಹೆಜ್ಜೆಯಲ್ಲಿ ಪಾದ ಇಡೀ ನೆಲಕ್ಕೆ ಬಡಿಯಬೇಕು, ಅದೂ ಮೊಣಕಾಲು ಅರ್ಧ ಬಗ್ಗಿಸಿ ಅರೆಮಂಡಿಯಲ್ಲಿ ಕೂತು, ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ. ಸಿಮೆಂಟಿನ ಇಟ್ಟಿಗೆ ಆ ಪೆಟ್ಟಿನಲ್ಲಿ ಏನನ್ನೂ ನುಂಗುವುದಿಲ್ಲ. ಬಂದದ್ದನ್ನು ಹಾಗೇ ಮೊಣಕಾಲಿನ ಕೆಳಗಿನ ಎಲುಬಿಗೆ ವಾಪಸ್ ಕಳಿಸುತ್ತದೆ. ಭರತನಾಟ್ಯದ ಜೂನಿಯರ್ ಪರೀಕ್ಷೆಗೆ ತಯಾರಾಗುತ್ತಿದ್ದ ಒಬ್ಬಳು ಹುಡುಗಿಗೆ ಕಣಕಾಲಿನ ಎಲುಬು ನೋವು ಶುರುವಾಗಿ, ಡಾಕ್ಟರು ಆರು ವಾರ ಕುಣಿಯಬೇಡ ಅಂದಿದ್ದರಂತೆ. ಟೀಚರ್ ನನಗೆ ಫೋನ್ ಮಾಡಿದ್ದು ಅದಾದ ಮೇಲೆ.

ಅದರ ಮೇಲಿನ ನೆಲ ಪ್ಲೈವುಡ್. ಹಿಂದಿನ ವರ್ಷ ಯಾವುದೋ ಅಂಗಡಿಯಲ್ಲಿ "ವಾಟರ್‌ಪ್ರೂಫ್" ಅಂತ ಹೇಳಿ ಕೊಟ್ಟ ಹಾಳೆಗಳು. ಮೇಲೆ ಹಸಿರು ಮ್ಯಾಟು. ನಾನು ಮ್ಯಾಟಿನ ಒಂದು ಮೂಲೆ ಎತ್ತಿದೆ. ಅಡಿಯಲ್ಲಿ ಪ್ಲೈವುಡ್ಡಿನ ಪದರಗಳು ನೀರಲ್ಲಿ ಬಿದ್ದ ನೀರುದೋಸೆಯ ಹಾಗೆ ಬಿಡಿಬಿಡಿಯಾಗಿದ್ದವು. ಬೆರಳು ಒತ್ತಿದರೆ ಒಳಗೆ ಹೋಯಿತು.

ಇಲ್ಲೊಂದು ಮಾತು ಹೇಳಬೇಕು. ಪ್ಲೈವುಡ್ ಮೇಲೆ ಐಎಸ್ 303 ಅಂತ ಇದ್ದರೆ ಅದು ಮನೆಯೊಳಗಿನ ಸಾಮಾನಿಗೆ. ಐಎಸ್ 710 ಅಂತ ಇದ್ದರೆ ಮರೈನ್ ಪ್ಲೈ, ಅದರ ಅಂಟನ್ನು 72 ಗಂಟೆ ಕುದಿಯುವ ನೀರಲ್ಲಿಟ್ಟು ಪರೀಕ್ಷೆ ಮಾಡಿರುತ್ತಾರೆ. ಆದರೆ ಆ ಪರೀಕ್ಷೆ ಅಂಟಿನದ್ದು. ಕೊಯ್ದ ಅಂಚಿನಿಂದ ನೀರು ಕುಡಿದು, ಒಣಗಲು ಜಾಗ ಇಲ್ಲದಿದ್ದರೆ ಎಂಥ ಪ್ಲೈಯೂ ಬಯಲಲ್ಲಿ ಬಾಳುವುದಿಲ್ಲ. ಟೀಚರ್ ಮನೆಯದ್ದು 303ರ ಹಾಳೆ. ಅಂಗಡಿಯವನನ್ನು ಬೈದು ಏನು ಮಾಡುವುದು, 710 ಕೊಟ್ಟಿದ್ದರೂ ಆ ಮ್ಯಾಟಿನ ಅಡಿ ಇನ್ನೊಂದು ಮಳೆಗಾಲ ಜಾಸ್ತಿ ಬರುತ್ತಿತ್ತು, ಅಷ್ಟೇ.

"ಹಾಗಾದರೆ ಮೇಲೊಂದು ಶೀಟ್ ಹಾಕಿಬಿಡುವಾ" ಅಂದರು ರಾಯರು. ಅದು ಸುಲಭದ ದಾರಿ, ನಾನೂ ಅದನ್ನೇ ಹೇಳುವವನಿದ್ದೆ. ಟೀಚರ್ ಒಪ್ಪಲಿಲ್ಲ. ಮಳೆ ಬಂದರೆ ಶೀಟಿನ ಸದ್ದಿಗೆ, ತಾಳ ಹಾಕುವ ತಟ್ಟುಕೋಲಿನ ಸದ್ದು ಕೇಳುವುದಿಲ್ಲ. ಮಳೆ ಇಲ್ಲದಾಗ ಬಿಸಿ. ಸಾಲದ್ದಕ್ಕೆ ನಮ್ಮ ಮಳೆ ಮೇಲಿನಿಂದ ಮಾತ್ರ ಬರುವುದಾ? ಜುಲೈನಲ್ಲಿ ಪಡುವಣ ಗಾಳಿಗೆ ಅಡ್ಡ ಬರುತ್ತದೆ. ಶೀಟು ಹಾಕಿದರೂ ಅರ್ಧ ನೆಲ ಒದ್ದೆಯೇ. ಕೊನೆಗೆ ತೀರ್ಮಾನ ಆದದ್ದು ಇಷ್ಟು: ಮಳೆಗಾಲದ ನಾಲ್ಕು ತಿಂಗಳು ಪಾಠ ಮನೆಯ ಚಾವಡಿಯಲ್ಲಿ, ಸಣ್ಣ ಸಣ್ಣ ಗುಂಪಾಗಿ. ಉಳಿದ ಎಂಟು ತಿಂಗಳು ಅಂಗಳದಲ್ಲಿ, ಆಕಾಶದ ಕೆಳಗೆ. ನೆಲ ಮಾತ್ರ ಹನ್ನೆರಡು ತಿಂಗಳೂ ಅಲ್ಲೇ ಬಿದ್ದಿರಬೇಕು, ಹಾಳಾಗದೆ.

ಲೆಕ್ಕ ಹಾಕಿದಾಗ ಕಂಡ ಜಗಳ

ನೆಲದ ಅಳತೆ 20 ಅಡಿಗೆ 16 ಅಡಿ ಅಂತ ಆಯಿತು. 320 ಚದರ ಅಡಿ, ಅಂದರೆ ಹತ್ತಿರ ಹತ್ತಿರ 30 ಚದರ ಮೀಟರ್. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ. ಗುಣಿಸಿ ನೋಡಿ: ಬರೀ ಈ ಚೌಕದ ಮೇಲೆ ವರ್ಷಕ್ಕೆ 1 ಲಕ್ಷ 20 ಸಾವಿರ ಲೀಟರ್ ನೀರು. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಹನ್ನೆರಡು ಸಲ ಬಂದು ಸುರಿದು ಹೋದ ಹಾಗೆ. ಜೋರು ಮಳೆಯ ಒಂದೇ ದಿನ 100 ಮಿ.ಮೀ. ಬಂದರೆ 3000 ಲೀಟರ್.

ಇಷ್ಟು ನೀರನ್ನು ತಡೆಯುವ ನೆಲ ಅಂತ ಒಂದಿಲ್ಲ. ಪೇಂಟು, ಕೋಟಿಂಗು, ಮ್ಯಾಟು, ಎಲ್ಲ ಸೋಲುತ್ತವೆ. ನೀರಿಗೆ ಹೋಗುವ ದಾರಿ ಕೊಡಬೇಕು. ದಾರಿ ಅಂದರೆ ಇಳಿಜಾರು. ಕುಣಿಯುವವರಿಗೆ ಬೇಕಾದ್ದು ಅದರ ಉಲ್ಟಾ: ರಸಮಟ್ಟ ಇಟ್ಟರೆ ಗುಳ್ಳೆ ನಡುವೆ ನಿಲ್ಲುವಂಥ ನೆಲ. ಅರ್ಧ ಗಂಟೆ, ಮುಕ್ಕಾಲು ಗಂಟೆಯ ವರ್ಣ ಅನ್ನುವ ದೀರ್ಘ ನೃತ್ಯವನ್ನು ಇಳಿಜಾರಿನಲ್ಲಿ ಕುಣಿದರೆ ಒಂದು ಕಾಲಿಗೆ ಭಾರ ಜಾಸ್ತಿ ಬೀಳುತ್ತದೆ. ಇದೇ ನಾನು ಆಗ ಹೇಳಿದ ಜಗಳ. ಮಳೆಗೆ ಓರೆ ಬೇಕು, ಕಾಲಿಗೆ ಮಟ್ಟ ಬೇಕು. ಮಳೆಗೆ ಗಟ್ಟಿ ಆಗಬಹುದು, ಕಾಲಿಗೆ ಮೆತ್ತಗೆ ಬೇಕು.

ಎರಡು ದಿನ ತಲೆ ಕೆರೆದುಕೊಂಡೆ. ಪರಿಹಾರ ಹೇಳಿದ್ದು ಆಚಾರ್ರು, ನನ್ನ ಮರದ ಕೆಲಸ ಎಲ್ಲ ಮಾಡುವವರು. ಚಿಕ್ಕಂದಿನಲ್ಲಿ ಮಲ್ಪೆಯಲ್ಲಿ ದೋಣಿ ಕಟ್ಟುವ ಕಡೆ ಕೆಲಸ ಮಾಡಿದವರು. ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು: "ದೋಣಿಯ ಒಳಗೆ ನೀರು ಬಂದೇ ಬರ್ತದೆ. ಅದಕ್ಕೆ ತಳ ಒಂದು, ನಿಲ್ಲುವ ಹಲಗೆ ಒಂದು. ನೀವು ಯಾಕೆ ಒಂದೇ ನೆಲದಲ್ಲಿ ಎರಡೂ ಹುಡುಕುದು?"

ಅಲ್ವಾ! ಕೆಳಗೆ ಓರೆಯಾದ ಕಾಂಕ್ರೀಟ್ ನೆಲ, ಅದು ಮಳೆಯ ಪಾಲಿಗೆ. ಮೇಲೆ ಸಂದುಬಿಟ್ಟ ಮಟ್ಟಸ ಮರದ ನೆಲ, ಅದು ಕಾಲಿನ ಪಾಲಿಗೆ. ನಡುವೆ ಗಾಳಿ. ಆಮೇಲಿನ ಕೆಲಸ ಎಲ್ಲ ಈ ಒಂದು ಮಾತನ್ನು ಹಿಡಿದುಕೊಂಡೇ ನಡೆಯಿತು.

ಕೆಳಗಿನ ನೆಲ

ಜಾಗ ಗುರುತಿಸುವಾಗಲೇ ಒಂದು ಚರ್ಚೆ. ಟೀಚರ್ ತೋರಿಸಿದ ಜಾಗ ತೆಂಗಿನಮರದ ಬುಡಕ್ಕೇ. ಕಾಯಿ ಬಿದ್ದರೆ ಹಲಗೆ ಒಡೆದರೆ ಒಡೆಯಲಿ, ಮಕ್ಕಳ ತಲೆ? ಮರ ಕಡಿಯಲು ರಾಯರು ಸುತಾರಾಂ ಒಪ್ಪಲಿಲ್ಲ. ನೆಲವನ್ನೇ ಎಂಟು ಅಡಿ ಮನೆಯ ಕಡೆ ಸರಿಸಿದೆವು. ಹತ್ತಿರದ ಒಂದು ಮರದ ಕಾಯಿಯನ್ನು ಒಂದೂವರೆ ತಿಂಗಳಿಗೊಮ್ಮೆ ಕೀಳಿಸುವುದು ಅಂತಲೂ ಒಪ್ಪಂದ ಆಯಿತು.

ಎತ್ತರಕ್ಕೆ ನನಗೆ ದಾರಿ ತೋರಿಸಿದ್ದು ಬಾವಿಕಟ್ಟೆ. 2020ರ ಸೆಪ್ಟೆಂಬರ್ 20ರ ನೆರೆ ಉಡುಪಿಯವರಿಗೆ ನೆನಪಿರುತ್ತದೆ. ಆ ದಿನ ನೀರು ಎಲ್ಲಿವರೆಗೆ ಬಂದಿತ್ತೆಂದು ರಾಯರು ಕಟ್ಟೆಯ ಮೇಲೆ ಪೇಂಟಿನಿಂದ ಗೆರೆ ಎಳೆದಿಟ್ಟಿದ್ದರು. ಬ್ಯಾಂಕಿನವರಲ್ವಾ, ದಾಖಲೆ ಇಲ್ಲದೆ ಆಗುವುದಿಲ್ಲ. ಆ ಗೆರೆಗಿಂತ ಮೂರಿಂಚು ಮೇಲೆ ಬರುವ ಹಾಗೆ ಮಣ್ಣು ತುಂಬಿಸಿ, ಮುರಕಲ್ಲಿನ ಚೂರು ಹಾಕಿ ಬಡಿದು, ಮೇಲೆ ನಾಲ್ಕಿಂಚು ದಪ್ಪ ಎಂ20 ದರ್ಜೆಯ ಕಾಂಕ್ರೀಟ್, ನಡುವೆ 8 ಮಿ.ಮೀ. ಸರಳಿನ ಬಲೆ. ಒಟ್ಟು ಮೂರು ಘನ ಮೀಟರ್ ಕಾಂಕ್ರೀಟ್. 2023ರ ಜನವರಿಯಲ್ಲಿ ಹಾಕಿದ್ದು, ಎರಡು ವಾರ ನೀರು ಕಟ್ಟಿ ನಿಲ್ಲಿಸಿದೆವು.

ಓರೆ ನೂರಕ್ಕೆ ಒಂದು. 16 ಅಡಿಯ ಉದ್ದಕ್ಕೆ ಎರಡಿಂಚಿಗೆ ಚೂರು ಕಡಿಮೆ ಇಳಿಜಾರು. ಕೆಳಬದಿಯಲ್ಲಿ ಕಣಿ, ಕಣಿಯಿಂದ ನೀರು ತೆಂಗಿನ ಬುಡಕ್ಕೆ. ಓರೆ ಸರಿಯಾಗಿದೆಯಾ ಅಂತ ನೋಡಲು ಮೇಸ್ತ್ರಿ ಹತ್ತು ಕೊಡಪಾನ ನೀರು ಹೊಯ್ದು, ಒಂದು ಬೀಡಿ ಮುಗಿಯುವವರೆಗೆ ಕಾದರು. ಆಮೇಲೂ ನೀರು ನಿಂತಿದ್ದ ಕಡೆಗಳಿಗೆ ಚಾಕಿನಿಂದ ಸುತ್ತು ಹಾಕಿದರು. ಐದು ಸುತ್ತು ಬಂತು. ಐದನ್ನೂ ಉಜ್ಜಿ, ಮತ್ತೆ ತೆಳ್ಳಗೆ ಬಳಿದು ಸರಿ ಮಾಡಿದರು. ಇಷ್ಟು ಹಟ ಯಾಕೆ ಅಂದರೆ, ಹಲಗೆಯ ಅಡಿಯಲ್ಲಿ ನಿಂತ ನೀರು ಯಾರಿಗೂ ಕಾಣುವುದಿಲ್ಲ, ಸೊಳ್ಳೆಗೆ ಮಾತ್ರ ಕಾಣುತ್ತದೆ. ಡೆಂಗೆ ಬರುವ ಊರು ನಮ್ಮದು.

ತೊಂಬತ್ತೊಂಬತ್ತು ಬಿಲ್ಲೆ

ಓರೆಯ ನೆಲದ ಮೇಲೆ ಮಟ್ಟಸ ನೆಲ ಕೂರಿಸುವುದು ಹೇಗೆ? ಇಲ್ಲಿ ಮೇಸ್ತ್ರಿಯ ತಲೆ ಓಡಿತು. ಓರೆಯ ದಿಕ್ಕಿನಲ್ಲೇ 16 ಅಡಿಯ ಪಕ್ಕಾಸುಗಳು, ಅಂದರೆ ಉದ್ದನೆಯ ಮರದ ತೊಲೆಗಳು, ಎರಡಡಿಗೊಂದರಂತೆ ಹನ್ನೊಂದು. ಪ್ರತಿ ಪಕ್ಕಾಸಿನ ಅಡಿಯಲ್ಲಿ ಎರಡಡಿಗೊಂದರಂತೆ ಒಂಬತ್ತು ಊರೆ, ಅಂದರೆ ಆಧಾರ. ಒಟ್ಟು 99. ಎರಡಡಿಗೆ ನೆಲ 6 ಮಿ.ಮೀ. ಇಳಿಯುತ್ತದೆ, ಹಾಗಾಗಿ ಸಾಲಿನಿಂದ ಸಾಲಿಗೆ ಊರೆ 6 ಮಿ.ಮೀ. ಎತ್ತರ ಆಗಬೇಕು. ಮೇಸ್ತ್ರಿ ನಾಲ್ಕಿಂಚಿನ ಪಿವಿಸಿ ಪೈಪನ್ನು ಬಳೆಯ ಹಾಗೆ ಕೊಯ್ದರು. ಅತಿ ಗಿಡ್ಡದ್ದು 40 ಮಿ.ಮೀ., ಅತಿ ಎತ್ತರದ್ದು 88. ಒಂದೊಂದು ಅಳತೆಗೆ ಹನ್ನೊಂದು ಬಳೆ. ಅದರಲ್ಲಿ ಕಾಂಕ್ರೀಟ್ ತುಂಬಿಸಿ, ಗಟ್ಟಿಯಾದ ಮೇಲೆ ಕೆಂಪು ಪೇಂಟಿನಲ್ಲಿ 1ರಿಂದ 9ರವರೆಗೆ ನಂಬರು ಬರೆದು, ಬಾವಿಕಟ್ಟೆಯ ಮೇಲೆ ಸಾಲಾಗಿ ಒಣಗಲು ಇಟ್ಟರು. ನೋಡಿದವರು ಇದೆಂಥ ಹೊಸ ನಮೂನೆಯ ಕೇರಂ ಬೋರ್ಡಾ ಅಂತ ಕೇಳಿಕೊಂಡು ಹೋದರು. ನಾವು ಅವಕ್ಕೆ ಬಿಲ್ಲೆ ಅಂತಲೇ ಹೆಸರಿಟ್ಟೆವು.

ಬಿಲ್ಲೆಗೂ ಪಕ್ಕಾಸಿಗೂ ನಡುವೆ ರಬ್ಬರು. ಕಾಲಿಗೆ ಬೇಕಾದ ಮೆತ್ತಗಿನ ಗುಣದ ಅರ್ಧ ಇದರಿಂದ, ಇನ್ನರ್ಧ ಮರದ ಬಾಗುವಿಕೆಯಿಂದ. ಮೊದಲು ಹಳೆ ಲಾರಿ ಟೈರಿನ ತುಂಡು ಹಾಕಿ ನೋಡಿದೆ, ಪುಕ್ಕಟೆ ಸಿಗುತ್ತದಲ್ಲ. ಕಲ್ಲಿನಷ್ಟೇ ಗಟ್ಟಿ, ಮೇಲಾಗಿ ಒಳಗಿನ ತಂತಿಗೆ ತುಕ್ಕು ಹಿಡಿಯುತ್ತದೆ. ಮತ್ತೆ ಮೆತ್ತನೆಯ ಸ್ಪಾಂಜಿನಂಥ ರಬ್ಬರು. ಕೊನೆಗೆ ಇಪಿಡಿಎಂ ಅನ್ನುವ ರಬ್ಬರಿನ ಮುಕ್ಕಾಲಿಂಚಿನ ಹಾಳೆ. ಬಿಸಿಲಿಗೂ ಗಾಳಿಗೂ ಬೇಗ ಬಿರಿಯುವುದಿಲ್ಲ.

ಪರೀಕ್ಷೆ ಮಾಡಿದ್ದು ಟೀಚರೇ. ನಾಲ್ಕಡಿ ಚೌಕದ ಒಂದು ಮಾದರಿ ಹಲಗೆ ಮಾಡಿ, ಅಡಿಯ ರಬ್ಬರು ಬದಲಿಸುತ್ತಾ ಹೋದೆವು. ಯಾವುದು ಯಾವ ರಬ್ಬರು ಅಂತ ಅವರಿಗೆ ಹೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅರೆಮಂಡಿಗೆ ಕೂತರು. ತೈಯಾ ತೈ, ಮೊದಲ ಕಾಲ, ಎರಡನೇ ಕಾಲ, ಮೂರನೇ ಕಾಲ. ಟೈರಿನ ಮೇಲೆ ಕುಣಿದು "ಇದು ನಮ್ಮ ಹಳೆ ಅಂಗಳವೇ" ಅಂದರು. ಸ್ಪಾಂಜಿನ ಮೇಲೆ ಮೂರನೇ ಕಾಲಕ್ಕೆ ಬಂದಾಗ ನಿಲ್ಲಿಸಿಬಿಟ್ಟರು. "ಇದು ಕಾಲನ್ನು ವಾಪಸ್ ತಳ್ತದೆ. ನಾನು ಎತ್ತುವ ಮೊದಲೇ ಎತ್ತುತ್ತದೆ. ತಾಳ ನನ್ನದಾ, ನೆಲದ್ದಾ?" ನೆಲ ಮೆತ್ತಗಾದಷ್ಟೂ ಒಳ್ಳೆಯದು ಅಂದುಕೊಂಡಿದ್ದ ನನಗೆ ಅದೊಂದು ಪಾಠ. ಮೂರನೆಯದರ ಮೇಲೆ ಏನೂ ಹೇಳದೆ ಕುದಿತ್ತಮೆಟ್ಟಡವಿಗೆ ಹೋದರು. ತೈ ಹತ್ ತೈ ಹಿ, ಮುಂಗಾಲಲ್ಲಿ ಹಾರಿ ಹಿಮ್ಮಡಿ ಬಡಿಯುವುದು. ಎರಡು ಸುತ್ತು ಮುಗಿಸಿ, "ಇದೇ ಇರಲಿ" ಅಂತ ಒಳಗೆ ಚಾ ಮಾಡಲು ಹೋದರು.

ಪಕ್ಕದ ಮನೆಯ ಹುಡುಗ ಬಡಗುತಿಟ್ಟು ಯಕ್ಷಗಾನ ಕಲಿಯುತ್ತಾನೆ. ಅವನನ್ನೂ ಕರೆದೆ. ಹಾರಿ ತಿರುಗುವ ನಾಲ್ಕು ದಿಗಿಣ ಹೊಡೆದ, ನೆಲ ತಡೆಯಿತು. ಮಂಡಿ ಹಾಕಿ ತಿರುಗಿದಾಗ ಮಾತ್ರ "ಅಂಚು ಚುಚ್ಚುತ್ತದೆ" ಅಂದ. ಅವನು ಹೇಳಿದ್ದು ಸರಿ. ಅಷ್ಟಕ್ಕೇ ಪ್ರತಿ ಹಲಗೆಯ ಎರಡೂ ಅಂಚನ್ನು ಆಚಾರ್ರು ಕೀಸುಳಿಯಿಂದ ದುಂಡಗೆ ಮಾಡಿದರು.

ಮರ

ಡಬ್ಲ್ಯುಪಿಸಿ ಹಾಕಿದರೆ ಆಗದಾ ಅಂತ ನೀವು ಕೇಳಬಹುದು, ರಾಯರೂ ಕೇಳಿದರು. ಮರದ ಪುಡಿ, ಪ್ಲಾಸ್ಟಿಕ್ ಸೇರಿಸಿ ಮಾಡಿದ ಹಲಗೆ. ಒರಳೆ, ಅಂದರೆ ಗೆದ್ದಲು, ಬರುವುದಿಲ್ಲ, ನೋಡಲು ಚಂದ. ಒಂದು ತುಂಡು ತಂದು ಮಾರ್ಚಿನ ಮಧ್ಯಾಹ್ನ ಅಂಗಳದಲ್ಲಿಟ್ಟೆ. ಮೂರು ಗಂಟೆಗೆ ಬರಿಗಾಲು ಇಡಲಾಗಲಿಲ್ಲ. ಪಕ್ಕದಲ್ಲಿದ್ದ ಮರದ ತುಂಡೂ ಬಿಸಿಯಾಗಿತ್ತು, ಆದರೆ ತಡೆದುಕೊಳ್ಳುವಷ್ಟು. ಚಪ್ಪಲಿ ಹಾಕಿ ಓಡಾಡುವ ಜಾಗಕ್ಕೆ ಅದು ಸಾಕು. ಗೆಜ್ಜೆ ಕಟ್ಟುವ ಕಾಲಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಆಚಾರ್ರ ಆಯ್ಕೆ ಕಿರಾಲ್‌ಬೋಗಿ. ಪಶ್ಚಿಮ ಘಟ್ಟದ ಮರ, ಹಿಂದೆ ದೋಣಿಗೂ ಸೇತುವೆಗೂ ಬಳಸುತ್ತಿದ್ದರು. ಒರಳೆಗೆ ಅದರ ರುಚಿ ಹಿಡಿಸುವುದಿಲ್ಲ. ಹೊಸತು ಸಿಗುವುದು ಕಷ್ಟ, ಸಿಕ್ಕರೂ ಬೇಡ. ಹಳೆ ಮನೆ ಬಿಚ್ಚಿದ ಮರ ಮಾರುವವರ ಹತ್ತಿರ ಪಕ್ಕಾಸುಗಳು ಸಿಕ್ಕವು. ಎಷ್ಟೋ ವರ್ಷ ಹಂಚಿನ ಅಡಿಯಲ್ಲಿ ಒಣಗಿದ ಮರ, ಇನ್ನು ಅದು ಡೊಂಕುವುದು ಕಡಿಮೆ. ಕಷ್ಟ ಏನೆಂದರೆ ಒಳಗಿನ ಹಳೆ ಮೊಳೆ. ಆಚಾರ್ರು ಒಂದೊಂದು ಪಕ್ಕಾಸಿನ ಮೇಲೂ ಅಯಸ್ಕಾಂತ ಆಡಿಸಿ ಮೊಳೆ ಹುಡುಕಿದರು. ಆದರೂ ಮಿಲ್ಲಿನಲ್ಲಿ ಒಂದು ಗರಗಸದ ಹಲ್ಲು ಹೋಯಿತು, ಮಿಲ್ಲಿನವರ ಬೈಗುಳ ನಾನು ತಿಂದೆ.

ಹಲಗೆ ನಾಲ್ಕಿಂಚು ಅಗಲ, ಒಂದಿಂಚು ದಪ್ಪ. ಅಗಲ ಜಾಸ್ತಿ ಆದರೆ ಒದ್ದೆಯಾಗಿ ಒಣಗುವಾಗ ದೋಣಿಯ ಹಾಗೆ ಬಗ್ಗುತ್ತದೆ. ಹನ್ನೆರಡು ಹಲಗೆಯನ್ನು ಅಡಿಯ ನಾಲ್ಕು ರೀಪುಗಳಿಗೆ, ಅಂದರೆ ಮರದ ಪಟ್ಟಿಗಳಿಗೆ, ಬಿಗಿದರೆ ನಾಲ್ಕಡಿ ಚೌಕದ ಒಂದು ತಟ್ಟೆ. ಅಂಥ 20 ತಟ್ಟೆ ಸೇರಿ ಇಡೀ ನೆಲ. ಒಂದು ತಟ್ಟೆ ಸುಮಾರು 45 ಕೆ.ಜಿ., ಇಬ್ಬರು ಎತ್ತಬಹುದು. ಎತ್ತಲು ಬರಲೇಬೇಕು ಅಂತ ನಾನು ಹಟ ಹಿಡಿದೆ. ಎಲೆ, ಕಸ, ಕಪ್ಪೆ, ಕಪ್ಪೆಯ ಹಿಂದೆ ಹಾವು, ಅಡಿಯಲ್ಲಿ ಏನೆಲ್ಲ ಸೇರಬಹುದು ಯೋಚಿಸಿ. ಸುತ್ತ ಅಂಚಿಗೆ ಸ್ಟೀಲಿನ ಸಣ್ಣ ಬಲೆಯನ್ನೂ ಹೊಡೆಸಿದೆ. ನೆರೆ ಬಂದರೆ ತಟ್ಟೆ ತೇಲಿ ಹೋಗದಂತೆ ಎರಡು ಮೂಲೆಗೆ ಒಂದೊಂದು ಬೋಲ್ಟು.

ಸ್ಕ್ರೂ ವಿಷಯದಲ್ಲಿ ಜುಗ್ಗತನ ಮಾಡಬೇಡಿ. ಸತುವಿನ ಲೇಪದ ಸಾದಾ ಜಿಐ ಸ್ಕ್ರೂಗೆ ನಮ್ಮ ಉಪ್ಪು ಗಾಳಿಯಲ್ಲಿ ಬೇಗ ತುಕ್ಕು ಹಿಡಿದು, ಮರದ ಮೇಲೆ ಕಪ್ಪು ಕಣ್ಣೀರು ಇಳಿಯುತ್ತದೆ. ಸ್ಟೇನ್‌ಲೆಸ್‌ನಲ್ಲೂ 304, 316 ಅಂತ ಎರಡುಂಟು. 316ರಲ್ಲಿ ಮಾಲಿಬ್ಡಿನಂ ಸೇರಿರುತ್ತದೆ, ಉಪ್ಪನ್ನು ಜಾಸ್ತಿ ತಡೆಯುತ್ತದೆ. ನಾವು ಹಾಕಿದ್ದು 316. ಹಲಗೆಗೆ ಎಂಟರಂತೆ 1920 ಸ್ಕ್ರೂ. ಈ ಸಂಖ್ಯೆ ನೆನಪಿಡಿ, ಮುಂದೆ ಬರುತ್ತದೆ. ಕಿರಾಲ್‌ಬೋಗಿ ಎಷ್ಟು ಗಟ್ಟಿ ಅಂದರೆ ಮೊದಲೇ ತೂತು ಕೊರೆಯದಿದ್ದರೆ ಸ್ಕ್ರೂವಿನ ತಲೆಯೇ ಮುರಿದು ಕೈಗೆ ಬರುತ್ತದೆ. ತೂತು ಕೊರೆದು, ಸ್ಕ್ರೂವಿಗೆ ಮೇಣ ಸವರಿ, ತಲೆ ಮರದೊಳಗೆ ಚೂರು ಹುದುಗುವ ಹಾಗೆ ಬಿಗಿದರು. ಮೇಲೆ ಉಳಿದರೆ ಅಂಗಾಲು ಸೀಳುತ್ತದಲ್ಲ.

ಅಡಿಯ ಪಕ್ಕಾಸಿಗೆ ಆಚಾರ್ರು ಗೇರುಬೀಜದ ಸಿಪ್ಪೆಯ ಎಣ್ಣೆ ಹೊಡೆದರು, ದೋಣಿಗೆ ಹೊಡೆಯುವ ಹಾಗೆ. ಕಪ್ಪಗೆ, ಮೂಗಿಗೆ ಹೊಡೆಯುವ ವಾಸನೆ. ಆದರೆ ಅದು ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಹಾಗಾಗಿ ಕಾಲು ತಾಗುವ ಮೇಲಿನ ಹಲಗೆಗೆ ಒಂದು ಹನಿಯೂ ಬೇಡ ಅಂತ ನಾನೇ ನಿಂತು ನೋಡಿಕೊಂಡೆ. ಮೇಲಿನದಕ್ಕೆ ವಾರ್ನಿಷೂ ಇಲ್ಲ. ವಾರ್ನಿಷ್ ಒದ್ದೆಯಾದರೆ ಜಾರುತ್ತದೆ, ಒಂದೆರಡು ಮಳೆಗಾಲದಲ್ಲಿ ಸುಲಿಯುತ್ತದೆ. ಬರಿ ಮರ. ಬಿಸಿಲಿಗೆ ವರ್ಷದೊಳಗೆ ಬೂದು ಬಣ್ಣಕ್ಕೆ ತಿರುಗುತ್ತದೆ ಅಂತ ಮೊದಲೇ ಹೇಳಿದ್ದೆ. ಟೀಚರಿಗೆ ಆ ಬೂದು ಬಣ್ಣ ಇವತ್ತಿಗೂ ಇಷ್ಟ ಇಲ್ಲ.

ಖರ್ಚು ಒಟ್ಟು ಎರಡು ಲಕ್ಷ 58 ಸಾವಿರ. ಅದರಲ್ಲಿ ಮರವೇ 1 ಲಕ್ಷ 10 ಸಾವಿರ. ಕಾಂಕ್ರೀಟು, ಬಿಲ್ಲೆಗೆ 52, ಆಚಾರ್ರ ಮಜೂರಿ 46, ಸ್ಕ್ರೂಗೆ 27, ರಬ್ಬರಿಗೆ 9, ಕಣಿ, ಬಲೆ, ದೀಪಕ್ಕೆ 14 ಸಾವಿರ. ದೀಪಕ್ಕೆ ಬಯಲಿನ ಫಿಟ್ಟಿಂಗು, ಜೊತೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಕ್ಷಣ ಕಡಿದುಬಿಡುವ ಸ್ವಿಚ್ಚು. ಬರಿಗಾಲು, ಒದ್ದೆ ನೆಲ, ಕರೆಂಟು ಮೂರೂ ಸೇರುವ ಕಡೆ ಅದಿಲ್ಲದೆ ಕೆಲಸ ಮಾಡಿಸಲೇಬಾರದು.

ಜುಲೈನಲ್ಲಿ ಬಂದ ಫೋನು

2023ರ ಏಪ್ರಿಲ್ ಮೊದಲ ವಾರ ಪಾಠ ಶುರುವಾಯಿತು. ಎರಡು ತಿಂಗಳು ಎಲ್ಲ ಚಂದ. ಜುಲೈನಲ್ಲಿ ಎಡೆಬಿಡದೆ ಸುರಿಯುತ್ತಿದ್ದಾಗ ರಾಯರ ಫೋನು. "ನಿಮ್ಮ ನೆಲ ಎದ್ದು ಕೂತಿದೆ. ಬಂದು ನೋಡಿ."

ಹೋದೆ. ಮೊದಲು ಕಂಡದ್ದು ನೀಲಿ ಟಾರ್ಪಾಲು. ಮಳೆ ತಾಗದಿರಲಿ ಅಂತ ಪಾಪ ರಾಯರೇ ಹೊದೆಸಿದ್ದರು. ಎತ್ತಿದರೆ ಹಲಗೆಯ ಮೇಲೆ ಕರಿ ಬೂಷ್ಟು, ಉಗಿ ಹತ್ತಿದ ಅಡುಗೆಮನೆಯ ವಾಸನೆ. ಒದ್ದೆಯಾಗುವುದರಿಂದ ಈ ಮರಕ್ಕೆ ತೊಂದರೆ ಇಲ್ಲ, ಒಣಗಲು ಬಿಡದಿದ್ದರೆ ತೊಂದರೆ. ಇದನ್ನು ಅವರಿಗೆ ಹೇಳಿಕೊಡಬೇಕಿತ್ತು, ಹೇಳಿರಲಿಲ್ಲ.

ಟಾರ್ಪಾಲು ಚಿಕ್ಕ ತಪ್ಪು. ದೊಡ್ಡದು ನನ್ನದೇ. ಎರಡು ತಟ್ಟೆಗಳು ಸೇರುವ ಕಡೆ ಹಲಗೆಗಳು ಒಂದನ್ನೊಂದು ತಳ್ಳಿಕೊಂಡು ಗುಡಾರದ ಹಾಗೆ ಎದ್ದಿದ್ದವು. ಮೂರು ಕಡೆ ಸ್ಕ್ರೂ ಕಿತ್ತು ಬಂದಿತ್ತು. ಕಾರಣ ಸಂದು. ಗೆಜ್ಜೆ ಸಿಕ್ಕಿಕೊಳ್ಳಬಾರದು, ಬೆರಳು ಸಿಕ್ಕಿಕೊಳ್ಳಬಾರದು ಅಂತ ನಾನು ಹಲಗೆಗಳ ನಡುವೆ 2 ಮಿ.ಮೀ. ಮಾತ್ರ ಬಿಡಿಸಿದ್ದೆ. ಜೋಡಿಸಿದ್ದು ಮಾರ್ಚಿನಲ್ಲಿ, ಮರ ಚೆನ್ನಾಗಿ ಒಣಗಿದ್ದಾಗ. ನೀರು ಕುಡಿದ ಮರ ಉದ್ದಕ್ಕೆ ಬೆಳೆಯುವುದು ಲೆಕ್ಕಕ್ಕಿಲ್ಲ, ಅಗಲಕ್ಕೆ ಬೆಳೆಯುತ್ತದೆ. ಅಳೆದರೆ ಒಂದೊಂದು ಹಲಗೆ ಎರಡೂವರೆ ಮಿ.ಮೀ. ಉಬ್ಬಿತ್ತು. ಹನ್ನೆರಡು ಹಲಗೆಗೆ 30 ಮಿ.ಮೀ. ಜಾಗ ಬೇಕು, ನಾನು ಕೊಟ್ಟದ್ದು 24. ಉಳಿದ 6 ಮಿ.ಮೀ. ಎಲ್ಲಿಗೆ ಹೋಗಬೇಕು? ಮೇಲಕ್ಕೆ. ಅಂಗಳದಲ್ಲಿ ಬಿದ್ದ 1 ಲಕ್ಷ ಲೀಟರನ್ನು ಲೆಕ್ಕ ಹಾಕಿದವನಿಗೆ ಎರಡೂವರೆ ಮಿ.ಮೀ. ಲೆಕ್ಕ ತಪ್ಪಿತ್ತು. "ಹಳೆ ಮರ, ಇನ್ನು ಅಲ್ಲಾಡುವುದಿಲ್ಲ" ಅಂತ ನಾನೇ ಹೇಳಿದ್ದು. ಡೊಂಕುವುದಿಲ್ಲ, ನಿಜ. ಉಬ್ಬುವುದಿಲ್ಲ ಅಂತ ಯಾರು ಹೇಳಿದ್ದು?

ಸೆಪ್ಟೆಂಬರ್ ಕೊನೆಗೆ ಮಳೆ ನಿಂತ ಮೇಲೆ 1920 ಸ್ಕ್ರೂ ಒಂದೊಂದಾಗಿ ಬಿಚ್ಚಿದೆವು. 240 ಹಲಗೆ ಕೀಸಿ, ಒಣಗಿದಾಗ ನಾಲ್ಕೂವರೆ ಮಿ.ಮೀ. ಸಂದು ಬರುವ ಹಾಗೆ ಮತ್ತೆ ಜೋಡಿಸಿದೆವು. ಅಳತೆಗೆ ಆಚಾರ್ರು ಒಂದು ತಗಡಿನ ತುಂಡನ್ನು ಸಂದಿನಲ್ಲಿಟ್ಟು, ಹಲಗೆ ಬಿಗಿದು, ತಗಡು ಎಳೆದು, ಮುಂದಿನ ಸಂದಿಗೆ ಹೋಗುತ್ತಿದ್ದರು. ಹತ್ತು ದಿನದ ಕೆಲಸ. ಮಜೂರಿ ನನ್ನ ಕೈಯಿಂದ. ತಟ್ಟೆ ತಟ್ಟೆಯ ನಡುವೆಯೂ ಅಷ್ಟೇ ಸಂದು ಬಿಟ್ಟೆವು.

ಇನ್ನೊಂದು ದೂರು ಬಂದದ್ದು ಸದ್ದಿನದು. ಅಡಿಯಲ್ಲಿ ಟೊಳ್ಳಲ್ವಾ, ಇಪ್ಪತ್ತು ಮಕ್ಕಳು ಒಟ್ಟಿಗೆ ಹೆಜ್ಜೆ ಹಾಕಿದರೆ ಚೆಂಡೆ ಬಡಿದ ಹಾಗೆ. ಟೀಚರಿಗೆ ಅದು ಖುಷಿ, ಹೆಜ್ಜೆ ತಪ್ಪಿದವರು ಯಾರು ಅಂತ ಕಣ್ಣು ಮುಚ್ಚಿಕೊಂಡೇ ಹೇಳುತ್ತಾರೆ. ಆಚೆ ಮನೆಯ ಕ್ರೈಸ್ತ ಬಾಯಮ್ಮನಿಗೆ ಸಂಜೆಯ ತೇರ್ಸದ, ಅಂದರೆ ಜಪಮಾಲೆ ಪ್ರಾರ್ಥನೆಯ, ಹೊತ್ತಿಗೆ ಅದು ಕಷ್ಟ. ರೀಪು ಪಕ್ಕಾಸಿಗೆ ತಾಗುವ ಕಡೆಯೆಲ್ಲ ರಬ್ಬರಿನ ತೆಳು ಪಟ್ಟಿ ಹಾಕಿದ ಮೇಲೆ ಸ್ವಲ್ಪ ತಗ್ಗಿತು. ಪೂರ್ತಿ ಹೋಗಿಲ್ಲ. ಪಾಠವನ್ನು ಏಳು ಗಂಟೆಯ ಒಳಗೆ ಮುಗಿಸುವುದು ಅಂತ ಇಬ್ಬರೂ ಮಾತಾಡಿಕೊಂಡರು. ಆಮೇಲೆ ಅದೇ ಬಾಯಮ್ಮ ಬಂದು, ಮಗಳ ರೋಸಿಗೆ, ಅಂದರೆ ಮದುವೆಯ ಮುಂಚಿನ ಶಾಸ್ತ್ರಕ್ಕೆ, ಒಂದು ರಾತ್ರಿ ನೆಲ ಕೊಡ್ತೀರಾ ಅಂತ ಕೇಳಿದರು. ಜನ ಒತ್ತಾಗಿ ನಿಂತು ಕುಣಿಯುವ ಜಾಗಕ್ಕೆ ಚದರ ಮೀಟರಿಗೆ ಸುಮಾರು 500 ಕೆ.ಜಿ. ಲೆಕ್ಕ ಹಿಡಿಯುತ್ತಾರೆ. ಇಡೀ ನೆಲಕ್ಕೆ 15 ಟನ್, ಒಂದು ಬಿಲ್ಲೆಗೆ 150 ಕೆ.ಜಿ. ತೊಂದರೆ ಇಲ್ಲ ಅಂದೆ. ಮೊನಚು ಹೀಲ್ಸು ಮಾತ್ರ ಬೇಡ. ಬಾಯಮ್ಮ ಗೇಟಿನ ಹತ್ತಿರವೇ ಚಪ್ಪಲಿಗೆ ಚಾಪೆ ಹಾಸಿಸಿದರು. ಬರಿಗಾಲಿನ ಬೈಲಾ ಕುಣಿತ ರಾತ್ರಿ ಹನ್ನೊಂದರವರೆಗೆ ನಡೆಯಿತಂತೆ.

2024ರ ಮಳೆಗಾಲಕ್ಕೆ ಟಾರ್ಪಾಲು ಹಾಕಲಿಲ್ಲ. ಜುಲೈನಲ್ಲಿ ಹೋಗಿ ಅಳೆದೆ. ಸಂದು 2 ಮಿ.ಮೀ.ಗೆ ಇಳಿದಿತ್ತು, ಎಲ್ಲೂ ಎದ್ದಿರಲಿಲ್ಲ. ಹಸಿರು ಪಾಚಿ ಬಂದಿತ್ತು, ಅದು ಬಂದೇ ಬರುತ್ತದೆ. ಗಟ್ಟಿ ಹಿಡಿಕಡ್ಡಿಯಲ್ಲಿ ನೀರು ಹಾಕಿ ಉಜ್ಜಿದರೆ ಹೋಗುತ್ತದೆ. ಬ್ಲೀಚಿಂಗ್ ಪೌಡರ್ ಬೇಡ ಅಂದಿದ್ದೇನೆ. ಅದರ ಕ್ಲೋರಿನ್ ಸ್ಟೇನ್‌ಲೆಸ್ ಸ್ಕ್ರೂವನ್ನೂ ತಿನ್ನುತ್ತದೆ.

ಅಕ್ಟೋಬರಿನಲ್ಲಿ ತಟ್ಟೆಗಳನ್ನೆಲ್ಲ ಎತ್ತಿ ಅಡಿಯನ್ನು ತೊಳೆಯುವ ದಿನ ನಾನೂ ಹೋಗಿದ್ದೆ. ನೀರು ಎಲ್ಲೂ ನಿಂತಿರಲಿಲ್ಲ. ಒಂದು ರಬ್ಬರು ಜಾರಿತ್ತು, ಸರಿಸಿ ಕೂರಿಸಿದೆವು. ಕಣಿಯ ಅಂಚಿನಲ್ಲಿ ಒಣ ಎಲೆಗಳ ನಡುವೆ ಏನೋ ಹೊಳೆಯಿತು. ಬಗ್ಗಿ ನೋಡಿದರೆ ಗೆಜ್ಜೆಯ ಕಾಳು. ಹುಡುಕುತ್ತಾ ಹೋದ ಹಾಗೆ ಇನ್ನೂ ಸಿಕ್ಕವು. ಕಳಚಿದ್ದೆಲ್ಲ ಸಂದಿಯಿಂದ ಇಳಿದು, ಓರೆಯ ಮೇಲೆ ಮಳೆನೀರಿನ ಜೊತೆ ಹರಿದು ಕಣಿಯ ಬಲೆಗೆ ಬಂದು ನಿಂತಿದ್ದವು. ಟೀಚರ್ ಸ್ಟೀಲಿನ ಲೋಟ ತಂದರು. ಮಕ್ಕಳು ಹೆಕ್ಕಿ ಹಾಕಿದರು. ಎಣಿಸಿದರೆ 31 ಕಾಳು, ಎರಡು ಹೇರ್‌ಪಿನ್ನು, ಒಂದು ಐದು ರೂಪಾಯಿಯ ನಾಣ್ಯ. ಟೀಚರ್ ಮೆಟ್ಟಿಲ ಮೇಲೆ ಕೂತು, ಹುಳಿಯಲ್ಲಿ ಉಜ್ಜಿ, ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡತೊಡಗಿದರು. ಸದ್ದು ಸರಿ ಇದ್ದದ್ದನ್ನು ಬೇರೆ, ಹೋದದ್ದನ್ನು ಬೇರೆ ಇಟ್ಟರು.